ಮದರ್‌ಬೋರ್ಡಿಗಿಂತ ಮೊದಲು ಹಿಂಬದಿಯ ತಗಡು

ಕ್ಯಾಬಿನೆಟ್ಟಿನೊಳಗೆ ಮದರ್‌ಬೋರ್ಡ್ ಕೂತಿದೆ, ಸ್ಕ್ರೂಗಳು ಬಿಗಿಯಾಗಿವೆ, ವೈರುಗಳೆಲ್ಲ ತಮ್ಮ ತಮ್ಮ ಜಾಗ ಸೇರಿವೆ. ಅಷ್ಟರಲ್ಲಿ ಬೋರ್ಡಿನ ಖಾಲಿ ಡಬ್ಬಿಯ ತಳದಲ್ಲಿ ತೂತುತೂತಾದ ಉದ್ದನೆಯ ತಗಡೊಂದು ಕಣ್ಣಿಗೆ ಬೀಳುತ್ತದೆ. ಇದನ್ನು ಈಗ ಹೊರಗಿನಿಂದ ಒತ್ತಿ ಕೂರಿಸಬಹುದೇ? ಹಾಕದೆ ಬಿಟ್ಟರೆ ನಡೆಯುತ್ತದೆಯೇ? ಹಾಕಿದ ಮೇಲೆ ಸ್ಕ್ರೂ ತೂತುಗಳು ಏಕೆ ಹೊಂದುತ್ತಿಲ್ಲ? ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಮಾಡುವ ನನ್ನನ್ನು ಈ ಮೂರು ಪ್ರಶ್ನೆ ಕೇಳದವರಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಓದುವ ಹುಡುಗರು, ಹಾವೇರಿಯ ಫೋಟೊ ಸ್ಟುಡಿಯೊದವರು, ಗದಗಿನ ಮುದ್ರಣಾಲಯದವರು ಎಲ್ಲರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ವಿವರವಾಗಿ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಗಡು ಹೊರಗಿನಿಂದ ಕೂರುವುದಿಲ್ಲ. ಬೋರ್ಡ್ ಇಳಿಸುವ ಮೊದಲೇ ಅದನ್ನು ಒಳಗಿನಿಂದ ಹಾಕಬೇಕು. ಹಾಕದಿದ್ದರೂ ಕಂಪ್ಯೂಟರ್ ಓಡುತ್ತದೆ, ಆದರೆ ನಮ್ಮ ಕಡೆಯ ಧೂಳಿಗೆ ಅಂಗೈಯಷ್ಟು ಅಗಲದ ಬಾಗಿಲು ತೆರೆದಿಟ್ಟಂತೆ ಆಗುತ್ತದೆ. ತೂತುಗಳು ಹೊಂದದಿರುವುದಕ್ಕೆ ಕಾರಣ ತಗಡಿನ ಸ್ಪ್ರಿಂಗಿನಂಥ ನಾಲಿಗೆಗಳು. ಅವು ಬೋರ್ಡನ್ನು ತಗಡಿನಿಂದ ದೂರಕ್ಕೆ ತಳ್ಳುತ್ತಿರುತ್ತವೆ. ಅದನ್ನು ಸಂಭಾಳಿಸುವ ರೀತಿ ಮುಂದೆ ಇದೆ.

ಈ ತಗಡು ಯಾವುದು, ಏಕೆ ಬೇಕು

ಅಂಗಡಿಗಳಲ್ಲಿ ಇದಕ್ಕೆ ಐಓ ಶೀಲ್ಡ್, ಐಓ ಪ್ಲೇಟ್, ಬ್ಯಾಕ್ ಪ್ಲೇಟ್ ಎಂದೆಲ್ಲ ಹೆಸರುಗಳಿವೆ. ಐಓ ಎಂದರೆ ಇನ್‌ಪುಟ್ ಮತ್ತು ಔಟ್‌ಪುಟ್, ಅಂದರೆ ಕೀಬೋರ್ಡ್, ಯುಎಸ್‌ಬಿ, ಮಾನಿಟರ್, ಲ್ಯಾನ್, ಸ್ಪೀಕರ್‌ಗಳ ತಂತಿ ಚುಚ್ಚುವ ಹಿಂಬದಿಯ ಕಿಂಡಿಗಳು. ಕೊಳ್ಳಲು ಹೋದಾಗ ಬರೀ ಬ್ಯಾಕ್ ಪ್ಲೇಟ್ ಎನ್ನಬೇಡಿ. ಪ್ರೊಸೆಸರ್ ಕೂಲರ್ ಹಿಡಿದಿಡಲು ಬೋರ್ಡಿನ ಬೆನ್ನಿಗೆ ಹಾಕುವ ತಟ್ಟೆಗೂ ಅದೇ ಹೆಸರಿದೆ. ಅದನ್ನು ಕಟ್ಟಿಸಿಕೊಂಡು ಮನೆಗೆ ಬಂದವರಿದ್ದಾರೆ.

1984ರ ಐಬಿಎಂ ಪಿಸಿ ಎಟಿ ಮಾದರಿಯ ಬೋರ್ಡುಗಳಲ್ಲಿ ಹಿಂದೆ ಇದ್ದದ್ದು ಕೀಬೋರ್ಡಿನ ಒಂದು ಕಿಂಡಿ ಮಾತ್ರ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಹೊಸ ಅಳತೆಯನ್ನು ತಂದಾಗ ಎಲ್ಲ ಕಿಂಡಿಗಳೂ ಬೋರ್ಡಿನ ಒಂದೇ ಅಂಚಿಗೆ ಬಂದವು. ಕ್ಯಾಬಿನೆಟ್ಟಿನಲ್ಲಿ ಅವುಗಳಿಗಾಗಿ ಬಿಡುವ ಆಯತಾಕಾರದ ಬಾಯಿಯ ಅಳತೆಯೂ ಗೊತ್ತಾಯಿತು: 158.75 ಮಿ.ಮೀ. ಉದ್ದ, 44.45 ಮಿ.ಮೀ. ಅಗಲ. ಇಂದಿಗೂ ಅದೇ ಇದೆ. ಬಾಯಿ ಎಟಿಎಕ್ಸ್ ಅಳತೆಯ ಕ್ಯಾಬಿನೆಟ್ಟುಗಳಲ್ಲೆಲ್ಲ ಒಂದೇ, ಆದರೆ ಕಿಂಡಿಗಳ ಜೋಡಣೆ ಪ್ರತಿ ಬೋರ್ಡಿನಲ್ಲೂ ಬೇರೆ. ಹಾಗಾಗಿ ತಗಡು ಬರುವುದು ಬೋರ್ಡಿನ ಡಬ್ಬಿಯಲ್ಲಿ. ಹಳೆಯ ಬೋರ್ಡ್ ಮಾರುವಾಗ ಅದರ ತಗಡನ್ನೂ ಬಿಚ್ಚಿ ಜೊತೆಗೆ ಕೊಡಿ, ಕೊಳ್ಳುವಾಗ ಕೇಳಿ ಪಡೆಯಿರಿ.

ಅದರ ಮೊದಲ ಕೆಲಸ ತಡೆಯುವುದು. ಕ್ಯಾಬಿನೆಟ್ಟಿನ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತಿದ್ದಂತೆ ತೆರೆದಿರುವ ಪ್ರತಿ ಸಂದಿನಿಂದಲೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಜೊತೆಗೆ ಧೂಳೂ ಬರುತ್ತದೆ. ನವಲಗುಂದದ ಎರೆಮಣ್ಣಿನ ಧೂಳು, ಬೆಟಗೇರಿಯ ಮಗ್ಗದ ಮನೆಗಳ ಹತ್ತಿಯ ನವಿರು, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳ ಕೆಂಪು ಪುಡಿ ಇವೆಲ್ಲ ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಕೂರುತ್ತವೆ. ಹೀಟ್‌ಸಿಂಕ್ ಎಂದರೆ ಪ್ರೊಸೆಸರಿನ ಬಿಸಿಯನ್ನು ಹೀರುವ ಅಲ್ಯೂಮಿನಿಯಂ ಗರಿಗಳ ಗಟ್ಟಿ. ಅದಕ್ಕೆ ಧೂಳು ಹೊದಿಸಿದರೆ ಬಿಸಿ ಹೋಗಲು ದಾರಿಯಿಲ್ಲ. ಧೂಳಿಗಿಂತ ನನಗೆ ಹೆಚ್ಚು ಚಿಂತೆ ಹಲ್ಲಿಯದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಸೇರುವ ಹಲ್ಲಿ ತಾನೂ ಸಾಯುತ್ತದೆ, ಬೋರ್ಡನ್ನೂ ಸುಡುತ್ತದೆ.

ಎರಡನೆಯ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕಂಪ್ಯೂಟರಿನ ಒಳಗಿನ ವಿದ್ಯುತ್ ಸ್ಪಂದನಗಳು ರೇಡಿಯೊ ಅಲೆಗಳಾಗಿ ಹೊರಸೂಸುತ್ತವೆ. ಬಾಗಿಲು ತೆಗೆದಿಟ್ಟ ಕ್ಯಾಬಿನೆಟ್ಟಿನ ಪಕ್ಕದಲ್ಲಿ ಮಧ್ಯಮ ತರಂಗದ ರೇಡಿಯೊ ಹಚ್ಚಿದರೆ ಕರಕರ ಸದ್ದು ಕೇಳುವುದು ಇದರಿಂದಲೇ. ಲೋಹದ ಕ್ಯಾಬಿನೆಟ್ ಆ ಅಲೆಗಳನ್ನು ಒಳಗೇ ಹಿಡಿಯುತ್ತದೆ, ತಗಡು ಆ ಗೋಡೆಯ ಬಿಟ್ಟುಹೋದ ತುಂಡನ್ನು ತುಂಬುತ್ತದೆ. ಅದರ ನಾಲಿಗೆಗಳು ಕಿಂಡಿಗಳ ಲೋಹದ ಕವಚಕ್ಕೆ ತಾಗಿಕೊಂಡಿರಬೇಕಾದದ್ದು ಇದಕ್ಕಾಗಿಯೇ. ಅಡ್ಡಿ ಮಾಡುತ್ತವೆ ಎಂದು ಅವನ್ನು ಮುರಿದು ಹಾಕುವುದು ತಪ್ಪು.

ಇತ್ತೀಚಿನ ದುಬಾರಿ ಬೋರ್ಡುಗಳಲ್ಲಿ ತಗಡು ಬೋರ್ಡಿಗೇ ಜೋಡಿಸಿ ಬರುತ್ತದೆ. ನಿಮ್ಮದು ಅಂಥದಾದರೆ ನಾಲ್ಕನೆಯ ಮತ್ತು ಆರನೆಯ ಹಂತಗಳನ್ನು ಬಿಟ್ಟು ಉಳಿದದ್ದನ್ನು ಓದಿ.

ಬೇಕಾಗುವ ಸಾಮಾನು

ಮಧ್ಯಮ ಗಾತ್ರದ ಸ್ಟಾರ್ ಸ್ಕ್ರೂಡ್ರೈವರ್ (ತುದಿಯಲ್ಲಿ ಅಯಸ್ಕಾಂತವಿದ್ದರೆ ಅನುಕೂಲ), ಮೊಬೈಲಿನ ಟಾರ್ಚ್, ಚಿಕ್ಕ ಇಕ್ಕಳ, ಒಣ ಬ್ರಷ್, ಸ್ಕ್ರೂ ಹಾಕಿಡಲು ಒಂದು ಬಟ್ಟಲು. ಇವುಗಳ ಜೊತೆಗೆ ದಪ್ಪ ಬಟ್ಟೆಯ ಕೈಗವಸು ಇರಲೇಬೇಕು. ತಗಡಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಗಾಯ ಆಗುವುದು ಜೋರಾಗಿ ಒತ್ತುತ್ತಿರುವಾಗ ಬೆರಳು ಜಾರಿದರೆ, ಆದ್ದರಿಂದ ಅದು ಆಳವಾಗಿಯೇ ಆಗುತ್ತದೆ.

ಹಂತಗಳು

1. ಬೋರ್ಡನ್ನು ಹೊರಗೇ ಒಮ್ಮೆ ಓಡಿಸಿ ನೋಡಿ. ಪ್ರೊಸೆಸರ್, ಕೂಲರ್, ರ‍್ಯಾಮ್ ಹಾಕಿ, ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಪರದೆಯ ಮೇಲೆ ಚಿತ್ರ ಬರುವುದನ್ನು ಖಚಿತ ಮಾಡಿಕೊಳ್ಳಿ. ಬೋರ್ಡನ್ನು ಸುತ್ತಿ ಬರುವ ಬೆಳ್ಳಿ ಬಣ್ಣದ ಚೀಲದ ಮೇಲಿಟ್ಟು ಓಡಿಸಬೇಡಿ, ಅದರ ಹೊರಮೈಯಲ್ಲಿ ವಿದ್ಯುತ್ ಹರಿಯಬಹುದು. ಈ ಹಂತ ಮುಗಿಸಿದ್ದರೆ, ಮುಂದೆ ಏನಾದರೂ ಕೆಟ್ಟಾಗ ತಪ್ಪು ಜೋಡಣೆಯಲ್ಲಿದೆಯೋ ಬೋರ್ಡಿನಲ್ಲಿದೆಯೋ ಎಂಬುದು ಗೊತ್ತಾಗುತ್ತದೆ.

2. ಪ್ಲಗ್ ಕಿತ್ತು ಕ್ಯಾಬಿನೆಟ್ಟನ್ನು ಮಲಗಿಸಿ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಹಿಡಿದರೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಬೇಸಿಗೆಯ ಒಣ ಗಾಳಿಯಲ್ಲಿ ಮೈಮೇಲೆ ಸ್ಥಿರವಿದ್ಯುತ್ ಸೇರಿಕೊಂಡಿರುತ್ತದೆ, ಕೆಲಸದ ನಡುವೆಯೂ ಆಗಾಗ ಮುಟ್ಟುತ್ತಿರಿ.

3. ಈಗಾಗಲೇ ಇರುವ ತಗಡನ್ನು ತೆಗೆಯಿರಿ. ಹೊಸ ಕ್ಯಾಬಿನೆಟ್ಟಿನಲ್ಲಿಯೂ ಯಾವುದೋ ಒಂದು ಸಾಮಾನ್ಯ ತಗಡು ಇರಬಹುದು, ಅದು ನಿಮ್ಮ ಬೋರ್ಡಿನದಲ್ಲ. ಹೊರಗಿನಿಂದ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಮೂಲೆಯನ್ನು ಒಳಕ್ಕೆ ಒತ್ತಿದರೆ ಕಳಚಿಕೊಳ್ಳುತ್ತದೆ. ಬಾಯಿಯ ಸುತ್ತಲಿನ ಧೂಳು, ಹುಡಿಯಾದ ಬಣ್ಣ, ತುಕ್ಕನ್ನು ಬ್ರಷ್ಷಿನಿಂದ ಒರೆಸಿ.

4. ತಗಡನ್ನು ಬೋರ್ಡಿಗೆ ಹೊರಗೇ ಹಿಡಿದು ನೋಡಿ. ಎರಡೇ ನಿಮಿಷದ ಈ ಕೆಲಸವನ್ನು ಮುಕ್ಕಾಲು ಪಾಲು ಜನ ಮಾಡುವುದಿಲ್ಲ, ತೊಂದರೆಗಳು ಹುಟ್ಟುವುದೂ ಇಲ್ಲಿಯೇ. ಬೋರ್ಡಿನ ಕಿಂಡಿಗಳ ಎದುರಿಗೆ ತಗಡನ್ನು ಹಿಡಿಯಿರಿ. ಅಕ್ಷರ ಮತ್ತು ಚಿಹ್ನೆ ಮುದ್ರಿಸಿದ ಮೈ ಹೊರಗಡೆಗೆ, ನಾಲಿಗೆಗಳು ಬೋರ್ಡಿನ ಕಡೆಗೆ ಇರಬೇಕು. ಮೂರು ಸಂಗತಿ ಗಮನಿಸಿ.

ಒಂದು, ಪ್ರತಿ ಕಿಂಡಿಗೂ ತೂತು ಇದೆಯೇ? ಒಂದೇ ತಗಡನ್ನು ಎರಡು ಮೂರು ಮಾದರಿಗಳಿಗೆ ಬಳಸುವ ಕಂಪನಿಗಳು ಕೆಲವು ತೂತುಗಳನ್ನು ಅರ್ಧ ಕೊರೆದು ಮುಚ್ಚಳದಂತೆ ಬಿಟ್ಟಿರುತ್ತವೆ. ನಿಮ್ಮ ಬೋರ್ಡಿನಲ್ಲಿ ಕಿಂಡಿ ಇರುವ ಕಡೆ ಮಾತ್ರ ಆ ಮುಚ್ಚಳವನ್ನು ಇಕ್ಕಳದಿಂದ ಹಿಡಿದು ಹಿಂದೆ ಮುಂದೆ ಆಡಿಸಿ ಮುರಿಯಿರಿ. ಉಳಿದವು ಮುಚ್ಚಿಯೇ ಇರಲಿ.

ಎರಡು, ನಾಲಿಗೆಗಳು ಎಲ್ಲಿ ತಾಗುತ್ತವೆ? ಅವು ಕಿಂಡಿಯ ಲೋಹದ ಕವಚದ ಹೊರಮೈಗೆ ಒರಗಬೇಕು, ಕಿಂಡಿಯ ಬಾಯೊಳಗೆ ಹೋಗಬಾರದು. ಸಾಗಣೆಯಲ್ಲಿ ನೆಟ್ಟಗಾದ ನಾಲಿಗೆಯನ್ನು ಬೆರಳಿನಿಂದ ಮೆಲ್ಲಗೆ ಬೋರ್ಡಿನ ಕಡೆಗೆ ಬಾಗಿಸಿ. ಲ್ಯಾನ್ ಮತ್ತು ಯುಎಸ್‌ಬಿ ಕಿಂಡಿಗಳ ಮೇಲಿನ ನಾಲಿಗೆಗಳೇ ಹೆಚ್ಚು ಕಾಟ ಕೊಡುವುವು. ಒಮ್ಮೆ ಬಾಗಿಸಿದರೆ ಸಾಕು. ನಾಲ್ಕಾರು ಸಲ ಆಡಿಸಿದರೆ ಬುಡದಲ್ಲಿ ತುಂಡಾಗುತ್ತದೆ, ತುಂಡಾದ ಚೂರು ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

ಮೂರು, ನಿಮ್ಮ ತಗಡಿನ ಒಳಮೈಯಲ್ಲಿ ನಾಲಿಗೆಗಳ ಬದಲು ಬೂದು ಬಟ್ಟೆ ಹೊದಿಸಿದ ಸ್ಪಂಜು ಇರಬಹುದು. ಪ್ಯಾಕಿಂಗ್ ಎಂದುಕೊಂಡು ಅದನ್ನು ಕಿತ್ತೊಗೆಯಬೇಡಿ. ಆ ಬಟ್ಟೆಯಲ್ಲಿ ವಿದ್ಯುತ್ ಹರಿಯುತ್ತದೆ, ನಾಲಿಗೆಗಳ ಕೆಲಸವನ್ನು ಅದು ಮಾಡುತ್ತದೆ.

5. ಸ್ಟ್ಯಾಂಡ್‌ಆಫ್ ಎಣಿಸಿ. ಬೋರ್ಡನ್ನು ಕ್ಯಾಬಿನೆಟ್ಟಿನ ತಳದಿಂದ ಎತ್ತಿ ಹಿಡಿಯುವ ಆರು ಮೂಲೆಯ ಹಿತ್ತಾಳೆ ಕಾಲುಗಳಿಗೆ ಸ್ಟ್ಯಾಂಡ್‌ಆಫ್ ಎನ್ನುತ್ತಾರೆ. ಪೂರ್ಣ ಅಳತೆಯ ಎಟಿಎಕ್ಸ್ ಬೋರ್ಡಿಗೆ ಸಾಮಾನ್ಯವಾಗಿ ಒಂಬತ್ತು, ಮಿನಿ ಐಟಿಎಕ್ಸ್ ಎಂಬ ಪುಟ್ಟ ಬೋರ್ಡಿಗೆ ನಾಲ್ಕು ಬೇಕು. ಬೋರ್ಡಿನಲ್ಲಿ ತೂತು ಇರುವ ಕಡೆಯೆಲ್ಲ ಕಾಲು ಇರಬೇಕು. ತೂತು ಇಲ್ಲದ ಕಡೆ ಕಾಲು ಉಳಿದಿದ್ದರೆ ಅದು ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಮಾಡುತ್ತದೆ, ತಿರುಗಿಸಿ ತೆಗೆದುಬಿಡಿ. ಕಾಲುಗಳ ಎತ್ತರ ಒಂದೇ ಇರಲಿ. ಬೇರೆ ಕ್ಯಾಬಿನೆಟ್ಟಿನಿಂದ ತಂದ ಕುಳ್ಳನೆಯ ಕಾಲು ಹಾಕಿದರೆ ಕಿಂಡಿಗಳೂ ತಗಡಿನ ತೂತುಗಳೂ ಒಂದೇ ಮಟ್ಟಕ್ಕೆ ಬರುವುದಿಲ್ಲ, ಆಗ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

6. ತಗಡು ಕೂರಿಸಿ. ಕೈಗವಸು ಹಾಕಿಕೊಳ್ಳಿ. ತಗಡನ್ನು ಕ್ಯಾಬಿನೆಟ್ಟಿನ ಒಳಗಿನಿಂದ ಬಾಯಿಯ ಬಳಿಗೆ ತಂದು ಹೊರಮುಖವಾಗಿ ಒತ್ತಬೇಕು. ನೆಟ್ಟಗೆ ನಿಲ್ಲಿಸುವ ಸಾಮಾನ್ಯ ಟವರ್ ಕ್ಯಾಬಿನೆಟ್ಟಿನಲ್ಲಿ ಕೀಬೋರ್ಡಿನ ದುಂಡನೆಯ ಕಿಂಡಿ ಮೇಲ್ತುದಿಗೆ, ಸ್ಪೀಕರ್ ಮತ್ತು ಮೈಕಿನ ಬಣ್ಣದ ಕಿಂಡಿಗಳು ಕೆಳತುದಿಗೆ ಬರುತ್ತವೆ. ಕ್ಯಾಬಿನೆಟ್ ಮಲಗಿಸಿದಾಗ ಮೇಲು ಕೆಳಗು ಗೊಂದಲವಾಗುವುದು ಸಹಜ, ಆದ್ದರಿಂದ ಬೋರ್ಡನ್ನೊಮ್ಮೆ ಮೇಲೆ ಹಿಡಿದು ದಿಕ್ಕು ಖಚಿತ ಮಾಡಿಕೊಳ್ಳಿ. ತಲೆಕೆಳಗಾಗಿ ಕೂರಿಸಿದ ತಗಡು ಅಷ್ಟೇ ಚೆನ್ನಾಗಿ ಟಕ್ಕೆನ್ನುತ್ತದೆ, ತಪ್ಪು ತಿಳಿಯುವುದು ಬೋರ್ಡ್ ಇಳಿಸುವಾಗ.

ತಗಡಿನ ಸುತ್ತ ಮಡಿಸಿದ ಅಂಚಿದೆ, ಆ ಅಂಚಿನಲ್ಲಿ ಸಣ್ಣ ಉಬ್ಬುಗಳಿವೆ. ಆ ಉಬ್ಬುಗಳು ಕ್ಯಾಬಿನೆಟ್ಟಿನ ಬಾಯಿಯ ಅಂಚನ್ನು ದಾಟಿ ಕಚ್ಚಿಕೊಂಡಾಗ ಸದ್ದು ಬರುತ್ತದೆ. ಮೊದಲು ಕೆಳಗಿನ ಎರಡು ಮೂಲೆಗಳನ್ನು ಕೂರಿಸಿ, ಆಮೇಲೆ ಮೇಲಿನ ಎರಡು. ಹೆಬ್ಬೆರಳಿಗೆ ನೋವಾದರೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಚಿನ ಮೇಲೆಯೇ ಒತ್ತಿ. ನಡುವೆ ಒತ್ತಬೇಡಿ. ನಡುವೆ ಒತ್ತಿದರೆ ತಗಡು ಬಿಲ್ಲಿನಂತೆ ಬಾಗುತ್ತದೆ, ಬಾಗಿದ ತಗಡು ಒಂದು ಮೂಲೆ ಕೂರಿಸಿದರೆ ಇನ್ನೊಂದು ಮೂಲೆಯಲ್ಲಿ ಕಳಚುತ್ತಲೇ ಇರುತ್ತದೆ. ಸುತ್ತಿಗೆಯಿಂದ ತಟ್ಟುವುದಂತೂ ಬೇಡ.

ನಾಲ್ಕೂ ಮೂಲೆ ಕೂತ ಮೇಲೆ ಹೊರಗಿನಿಂದ ಬೆರಳಾಡಿಸಿ. ಅಂಚು ಎಲ್ಲ ಕಡೆ ಸಮವಾಗಿರಬೇಕು. ಒಂದು ಮೂಲೆ ಕೂರಲೇ ಒಲ್ಲದು ಎಂದರೆ ಅಲ್ಲಿ ಬಣ್ಣ ದಪ್ಪಗೆ ಕಟ್ಟಿದೆಯೇ ನೋಡಿ, ನುಣುಪು ಅರದಿಂದ ನಾಲ್ಕು ಸಲ ಉಜ್ಜಿ. ಉಜ್ಜಿದ ಲೋಹದ ಪುಡಿಯನ್ನು ಒದ್ದೆ ಬಟ್ಟೆಯಿಂದ ಪೂರ್ತಿ ತೆಗೆದು, ಒಣಗಿದ ಮೇಲೆಯೇ ಮುಂದುವರಿಯಿರಿ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಹಿಂಬದಿಯ ಗೋಡೆಯೇ ಸೊಟ್ಟಗಿರುವುದುಂಟು, ಅದನ್ನು ಕೈಯಿಂದ ಮೆಲ್ಲಗೆ ನೆಟ್ಟಗೆ ಮಾಡಿದರೆ ತಗಡು ತಾನೇ ಕೂರುತ್ತದೆ.

7. ಬೋರ್ಡನ್ನು ಓರೆಯಾಗಿ ಇಳಿಸಿ. ಬೋರ್ಡನ್ನು ನೇರವಾಗಿ ಕೆಳಕ್ಕೆ ಇಳಿಸಬೇಡಿ. ಕಿಂಡಿಗಳಿರುವ ಅಂಚು ಕೆಳಗೆ, ಎದುರಿನ ಅಂಚು ಮೇಲೆ ಇರುವಂತೆ ಸ್ವಲ್ಪ ಓರೆ ಹಿಡಿದು, ಮೊದಲು ಕಿಂಡಿಗಳನ್ನು ತಗಡಿನ ತೂತುಗಳಿಗೆ ತೋರಿಸಿ, ಆಮೇಲೆ ಇನ್ನೊಂದು ಅಂಚನ್ನು ಕಾಲುಗಳ ಮೇಲೆ ಇಳಿಸಿ. ಹಿಡಿದುಕೊಳ್ಳುವುದು ಬೋರ್ಡಿನ ಅಂಚನ್ನು ಅಥವಾ ಕಿಂಡಿಗಳ ಗಟ್ಟಿ ಕವಚವನ್ನು. ಕೂಲರನ್ನೇ ಹಿಡಿಕೆ ಮಾಡಿಕೊಂಡು ಎತ್ತುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಈಗ ಸ್ಕ್ರೂ ತೂತುಗಳನ್ನು ನೋಡಿ. ಬೋರ್ಡಿನ ತೂತು ಕಾಲಿನ ತೂತಿಗಿಂತ ಒಂದೆರಡು ಮಿ.ಮೀ. ಮುಂದೆ ನಿಂತಿದ್ದರೆ ಗಾಬರಿಯಾಗಬೇಡಿ, ನಾಲಿಗೆಗಳು ತಳ್ಳುತ್ತಿರುವುದರಿಂದ ಹಾಗಾಗಿದೆ. ಅಂಗೈಯಿಂದ ಬೋರ್ಡಿನ ಅಂಚನ್ನು ತಗಡಿನ ಕಡೆಗೆ ಒಂದೇ ಸಮನೆ ಒತ್ತಿ ಹಿಡಿದು, ಕಿಂಡಿಗಳ ಹತ್ತಿರದ ಎರಡು ಸ್ಕ್ರೂಗಳನ್ನು ಎರಡೇ ಸುತ್ತು ತಿರುಗಿಸಿ ಬಿಡಿ. ಒಬ್ಬರೇ ಮಾಡಲು ಕಷ್ಟವಾದರೆ ಮನೆಯವರನ್ನು ಕರೆಯಿರಿ. ಒಂದೆರಡು ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಮಾತ್ರ ಬೋರ್ಡ್ ಎತ್ತಿ ನೋಡಿ, ಯಾವುದೋ ನಾಲಿಗೆ ಮಡಿಸಿಕೊಂಡು ಅಡ್ಡ ನಿಂತಿರುತ್ತದೆ.

8. ಬಿಗಿಯುವ ಮೊದಲು ಪ್ರತಿ ಕಿಂಡಿಯೊಳಗೆ ಬೆಳಕು ಬಿಡಿ. ಈ ಬರಹದಿಂದ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕ್ಯಾಬಿನೆಟ್ಟಿನ ಹಿಂದೆ ಬಂದು, ಟಾರ್ಚ್ ಹಿಡಿದು, ಒಂದೊಂದೇ ಕಿಂಡಿಯನ್ನು ಇಣುಕಿ ನೋಡಿ. ಒಳಗೆ ಹೊಳೆಯುವ ತಗಡಿನ ಚೂಪು ಕಂಡರೆ ನಾಲಿಗೆ ಒಳಹೊಕ್ಕಿದೆ ಎಂದರ್ಥ. ಲ್ಯಾನ್ ಕಿಂಡಿಯಲ್ಲಾದರೆ ತಂತಿ ಕಚ್ಚಿಕೊಳ್ಳುವುದಿಲ್ಲ. ಯುಎಸ್‌ಬಿಯಲ್ಲಾದರೆ ಇನ್ನೂ ಕೆಟ್ಟದ್ದು, 5 ವೋಲ್ಟಿನ ಸಂಪರ್ಕಕ್ಕೆ ಆ ನಾಲಿಗೆ ತಾಗಿದರೆ ಶಾರ್ಟ್ ಆಗಿ ಕಂಪ್ಯೂಟರ್ ಶುರುವಾಗದೆ ಹೋಗಬಹುದು. ಕಿಂಡಿಯೂ ಸುಟ್ಟುಹೋಗಬಹುದು.

ಒಳಹೊಕ್ಕ ನಾಲಿಗೆಯನ್ನು ಹೊರಗಿನಿಂದ ಸೂಜಿಯಲ್ಲೋ ಚಿಮಟದಲ್ಲೋ ಎಳೆಯಲು ಹೋಗಬೇಡಿ, ಕಿಂಡಿಯೊಳಗಿನ ಸಣ್ಣ ಸಂಪರ್ಕಗಳು ಬಾಗುತ್ತವೆ. ಎರಡು ಸ್ಕ್ರೂ ಬಿಚ್ಚಿ, ಬೋರ್ಡ್ ಎತ್ತಿ ತೆಗೆದು, ನಾಲಿಗೆ ಬಾಗಿಸಿ, ಮತ್ತೆ ಇಳಿಸಿ. ಈಗ ಎರಡೇ ಸ್ಕ್ರೂ ಬಿಚ್ಚಿದರೆ ಸಾಕು, ಎಲ್ಲ ಮುಗಿಸಿದ ಮೇಲಾದರೆ ಅರ್ಧ ದಿನ ಬೇಕು.

ಬೆಳಕಿನಲ್ಲಿ ಸರಿ ಕಂಡ ಮೇಲೆ ಒಂದು ಪೆನ್‌ಡ್ರೈವನ್ನು ಪ್ರತಿ ಯುಎಸ್‌ಬಿಗೂ, ಲ್ಯಾನ್ ತಂತಿಯನ್ನು ಅದರ ಕಿಂಡಿಗೂ ಹಗುರವಾಗಿ ಚುಚ್ಚಿ ತೆಗೆಯಿರಿ. ವಿದ್ಯುತ್ ಇನ್ನೂ ಕೊಟ್ಟಿಲ್ಲ ಎಂಬುದು ನೆನಪಿರಲಿ. ಎಲ್ಲಿಯಾದರೂ ತಡೆ ಸಿಕ್ಕರೆ ಬಲ ಹಾಕದೆ ಮತ್ತೆ ಇಣುಕಿ.

9. ಬಿಗಿಯಿರಿ. ಉಳಿದ ಸ್ಕ್ರೂಗಳನ್ನೂ ಸಡಿಲವಾಗಿ ಹಾಕಿ, ಆಮೇಲೆ ಎದುರುಬದುರಿನ ಮೂಲೆಗಳ ಲೆಕ್ಕದಲ್ಲಿ ಒಂದೊಂದಾಗಿ ಬಿಗಿಯಿರಿ. ಸ್ಕ್ರೂ ನಿಂತಿತು ಎನ್ನಿಸಿದಲ್ಲಿಗೆ ಸಾಕು.

ತಗಡು ಮರೆತು ಎಲ್ಲ ಮುಗಿಸಿದ್ದರೆ

ಅಡ್ಡದಾರಿ ಇಲ್ಲ, ಆದರೆ ಪೂರ್ತಿ ಬಿಚ್ಚಬೇಕಾಗಿಯೂ ಇಲ್ಲ. ಪ್ರೊಸೆಸರ್, ರ‍್ಯಾಮ್ ಅಲ್ಲಿಯೇ ಇರಲಿ. ಪ್ಲಗ್ ಕಿತ್ತು, ವೈರುಗಳ ಫೋಟೊ ತೆಗೆದುಕೊಂಡು, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನು ತೆಗೆಯಿರಿ. ಬೋರ್ಡ್ ಸರಿಸಲು ಬಿಡದಂಥ ಬಿಗಿ ವೈರುಗಳನ್ನಷ್ಟೇ ಕಳಚಿ, ಬೋರ್ಡಿನ ಎಲ್ಲ ಸ್ಕ್ರೂ ಬಿಚ್ಚಿ, ಮುಂದಿನ ಅಂಚನ್ನು ಮೊದಲು ಎತ್ತಿ ಹೊರತೆಗೆಯಿರಿ. ಕಾಲುಗಳ ಮೇಲೆ ಎಳೆದು ಸರಿಸಬೇಡಿ, ಬೆನ್ನಿನ ತೆಳುವಾದ ಗೆರೆಗಳು ಗೀಚಿಹೋಗುತ್ತವೆ. ಕೂಲರ್ ತುಂಬಾ ಎತ್ತರದ್ದಾಗಿದ್ದು ಅಡ್ಡ ಬಂದರೆ ಮಾತ್ರ ಅದನ್ನು ಬಿಚ್ಚಿ, ಬಿಚ್ಚಿದರೆ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಬೇಕು. ಪ್ರೊಸೆಸರಿಗೂ ಕೂಲರಿಗೂ ನಡುವೆ ಬಿಸಿ ದಾಟಿಸುವ ಲೇಪ ಅದು.

ತಗಡೇ ಇಲ್ಲದಿದ್ದರೆ

ಕಚೇರಿಗಳಿಂದ ಬಂದ ಹಳೆಯ ಕಂಪ್ಯೂಟರುಗಳಲ್ಲಿ, ಬಳಸಿದ ಬೋರ್ಡುಗಳಲ್ಲಿ ಇದು ಮಾಮೂಲು. ಬೋರ್ಡಿನ ಮೇಲೆ, ಸಾಮಾನ್ಯವಾಗಿ ಕಾರ್ಡ್ ಚುಚ್ಚುವ ಸ್ಲಾಟುಗಳ ನಡುವೆ, ಮಾದರಿಯ ಹೆಸರು ಮುದ್ರಿಸಿರುತ್ತದೆ. ಅದನ್ನೂ ಹಿಂಬದಿಯ ಕಿಂಡಿಗಳ ಫೋಟೊವನ್ನೂ ಹಿಡಿದು ಬಳಸಿದ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಮಾದರಿ ಬೇರೆಯಾದರೂ ಕಿಂಡಿಗಳ ಜೋಡಣೆ ಒಂದೇ ಇದ್ದರೆ ಆ ತಗಡು ನಡೆಯುತ್ತದೆ.

ಸಿಗದಿದ್ದರೆ ಮಾಡಿಸಬಹುದು. ಕಿಂಡಿಗಳ ಮೇಲೆ ಹೊರಗಿನಿಂದ ಬಿಳಿ ಹಾಳೆ ಒತ್ತಿ ಹಿಡಿದು ಪೆನ್ಸಿಲಿನಿಂದ ಉಜ್ಜಿದರೆ ಗುರುತು ಮೂಡುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ತಗಡಿನ ಕೆಲಸ ಮಾಡುವವರಿಗೆ ಆ ಹಾಳೆ ಕೊಟ್ಟು, ಬಾಯಿಯ ಅಳತೆಗಿಂತ ಸುತ್ತಲೂ 3 ಮಿ.ಮೀ. ದೊಡ್ಡದಾಗಿ ತೆಳು ಅಲ್ಯೂಮಿನಿಯಂ ಕತ್ತರಿಸಲು ಹೇಳಿ, ಅಂಚು ಉಜ್ಜಿಸಿ, ಹೊರಗಿನಿಂದ ಎರಡು ಮೈ ಅಂಟಿನ ಟೇಪಿನಲ್ಲಿ ಅಂಟಿಸಿ. ಆ ಹೆಚ್ಚುವರಿ ಅಂಚು ಪಕ್ಕದ ಫ್ಯಾನಿಗೋ ಕಾರ್ಡಿನ ಸ್ಕ್ರೂಗೋ ತಾಗುವಂತಿದ್ದರೆ ಅಲ್ಲಿ ಕಡಿಮೆ ಮಾಡಿಸಿ. ಈ ತಗಡಿಗೆ ನಾಲಿಗೆಗಳಿಲ್ಲ, ಆದ್ದರಿಂದ ರೇಡಿಯೊ ಅಲೆಗಳಿಗೆ ಅಸಲಿಯಷ್ಟು ತಡೆಯಾಗದು. ಧೂಳಿಗೆ, ಹಲ್ಲಿಗೆ ಸಾಕು. ಸೊಳ್ಳೆ ಪರದೆಯ ತಂತಿ ಬಲೆಯನ್ನು ಕತ್ತರಿಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕತ್ತರಿಸಿದ ತಂತಿಯ ಎಳೆಗಳು ಉದುರುತ್ತವೆ, ಉದುರುವುದು ಬೋರ್ಡಿನ ಮೇಲೆಯೇ.

ದೊಡ್ಡ ಕಂಪನಿಗಳ ಕೆಲವು ಸಿದ್ಧ ಡೆಸ್ಕ್‌ಟಾಪುಗಳಲ್ಲಿ ತೂತುಗಳನ್ನು ಕ್ಯಾಬಿನೆಟ್ಟಿನ ಗೋಡೆಯಲ್ಲೇ ಕೊರೆದಿರುತ್ತಾರೆ, ಬೇರೆ ತಗಡು ಇರುವುದೇ ಇಲ್ಲ. ಅಂಥದಕ್ಕೆ ಹೊಸ ಬೋರ್ಡ್ ಹಾಕುವ ಆಲೋಚನೆಯಿದ್ದರೆ ಹೊಸ ಕ್ಯಾಬಿನೆಟ್ಟನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ತಗಡು ಹಾಕಿದ ಮೇಲೆ ಜುಂ ಎನ್ನುತ್ತದೆ ಎಂಬ ದೂರು

ಮಳೆಗಾಲ ಬಂತೆಂದರೆ ಈ ಮಾತು ಶುರುವಾಗುತ್ತದೆ: ಹಿಂಬದಿಯ ತಗಡು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಅದಕ್ಕೇ ತೆಗೆದುಬಿಟ್ಟೆವು. ತಪ್ಪು ತಗಡಿನದಲ್ಲ. ನಿಮ್ಮ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯೊಳಗೆ, ವಿದ್ಯುತ್ತಿನ ಗದ್ದಲ ಸೋಸುವ ಪುಟ್ಟ ಕೆಪಾಸಿಟರ್‌ಗಳು ತಂತಿಗಳಿಂದ ಲೋಹದ ಕವಚಕ್ಕೆ ಜೋಡಿಸಿರುತ್ತವೆ. ಅರ್ಥಿಂಗ್ ಸರಿಯಿದ್ದಾಗ ಅವುಗಳಿಂದ ಸೋರುವ ಅತ್ಯಲ್ಪ ವಿದ್ಯುತ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230 ವೋಲ್ಟಿನ ಸುಮಾರು ಅರ್ಧದಷ್ಟಕ್ಕೆ ಏರಿ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಮಿಣುಕುವುದು ಇದರಿಂದಲೇ. ತಗಡು ಕ್ಯಾಬಿನೆಟ್ಟಿಗೂ ಕಿಂಡಿಗಳಿಗೂ ತಾಗಿರುವುದರಿಂದ ಅಲ್ಲಿ ಗೊತ್ತಾಗುತ್ತದೆ, ಅಷ್ಟೇ. ತೆಗೆದರೂ ಕ್ಯಾಬಿನೆಟ್ಟಿನ ಉಳಿದ ಲೋಹದ ಮೇಲೆ ಅದೇ ವೋಲ್ಟೇಜ್ ಇದ್ದೇ ಇರುತ್ತದೆ, ಬೋರ್ಡೂ ತನ್ನ ಸ್ಕ್ರೂಗಳ ಮೂಲಕ ಕ್ಯಾಬಿನೆಟ್ಟಿಗೆ ಜೋಡಿಸಿಕೊಂಡೇ ಇರುತ್ತದೆ.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿನಲ್ಲಿ ಚುಚ್ಚಿದ್ದರೆ ಮೊದಲು ಅದನ್ನು ಬಿಡಿ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ತಂತಿಯೇ ಇಲ್ಲದಿರುವುದನ್ನು ನಾನು ಬಹಳ ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಕರೆಸಿ, ಮಲ್ಟಿಮೀಟರಿನಲ್ಲಿ ಫೇಸ್‌ಗೂ ಅರ್ಥಿಗೂ ನಡುವೆ ಅಳೆಸಿ. ಅದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವಿನ ಅಳತೆಗೆ ಹತ್ತಿರವಿರಬೇಕು, ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಕೆಲವೇ ವೋಲ್ಟ್ ಇರಬೇಕು. ಅಲ್ಲಿಯವರೆಗೆ ಮಾನಿಟರ್ ತಂತಿಯನ್ನಾಗಲಿ ಲ್ಯಾನ್ ತಂತಿಯನ್ನಾಗಲಿ ಕಂಪ್ಯೂಟರ್ ಓಡುತ್ತಿರುವಾಗ ಚುಚ್ಚಿ ತೆಗೆಯುವುದನ್ನು ಮಾಡಬೇಡಿ, ಬರಿಗಾಲಿನಲ್ಲಿ ಹಸಿ ನೆಲದ ಮೇಲೆ ನಿಂತು ಕ್ಯಾಬಿನೆಟ್ ಮುಟ್ಟಬೇಡಿ.